ನಿಕಟ ಸಂಬಂಧಿಯ ಸಹಿ

ಆಸ್ಪತ್ರೆಯ ಸಾಲಿನಲ್ಲಿ ನನ್ನ ಮುಂದೆ ಗಾಲಿಕುರ್ಚಿಯಲ್ಲಿ ಹಿರಿಯರೊಬ್ಬರು, ಅವರ ಎಡಬಲಕ್ಕೆ ಮಗ ಮತ್ತು ಅಳಿಯ, ಹಿಂದೆ ಕುರ್ಚಿ ತಳ್ಳುವ ಆಸ್ಪತ್ರೆಯ ಹುಡುಗ. ಕೌಂಟರಿನಾಕೆ ಫಾರಂ ಮುಂದಿಟ್ಟಳು.

“ನಿಕಟ ಸಂಬಂಧಿ ಅನ್ನೋ ಕಡೆ ಒಬ್ಬರು ಸಹಿ ಹಾಕಿ. ಹಾಕಿದವರು ಆಪರೇಷನ್ ಆದ್ಮೇಲೆ ಮೂರು ದಿನ ಇಲ್ಲೇ ಇರಬೇಕು.”

ಅಳಿಯ ಪೆನ್ನನ್ನು ಮಗನ ಕಡೆ ಸರಿಸಿದ. “ನಿಕಟ ಅಂದ್ರೆ ಸ್ವಂತ ಮಗ.”

“ನಿಕಟ ಅಂದ್ರೆ ಹತ್ತಿರ, ಭಾವ. ಅಪ್ಪನ ಪಕ್ಕದ ಬೀದೀಲಿ ಇರೋರು ನೀವು.”

“ಅದು ಸಮೀಪ. ಕ್ಷೌರದಂಗಡಿಯೂ ಸಮೀಪವೇ ಇದೆ. ನಿಕಟ ಅಂದ್ರೆ ರಕ್ತಸಂಬಂಧ.”

“ಅಪ್ಪನ ಮನೆ ಬರೆಸಿಕೊಳ್ಳೋವಾಗ ಮಗನಿಗಿಂತ ನಾನೇ ಆಪ್ತ ಅಂದಿದ್ರಿ.”

“ಆಪ್ತ ಅನ್ನೋದು ಮನಸ್ಸಿನ ವಿಷಯ. ಅದಕ್ಕೆ ಆಸ್ಪತ್ರೇಲಿ ಬಂದು ಮಲಗಬೇಕಾ?”

“ಯಾರಾದ್ರೂ ಬೇಗ ಹಾಕಿ,” ಅಂದಳು ಕೌಂಟರಿನಾಕೆ.

ಹಿರಿಯರು ತಾವೇ ಪೆನ್ನು ಎತ್ತಿಕೊಂಡು, ಕುರ್ಚಿ ತಳ್ಳುವವನ ಕಡೆ ಕತ್ತು ತಿರುಗಿಸಿದರು.

“ನಿನ್ನ ಹೆಸರೇನಪ್ಪ? ಬೆಳಗ್ಗೆಯಿಂದ ನನ್ನ ಜೊತೆ ಇರೋನು ನೀನೊಬ್ಬನೇ.”

ಅವನು ಹೇಳಿದ ಹೆಸರನ್ನು ನಿಕಟ ಸಂಬಂಧಿಯ ಜಾಗದಲ್ಲಿ ಬರೆದು ಫಾರಂ ವಾಪಸು ಕೊಟ್ಟರು. “ನನ್ನ ನೋಡೋಕೆ ಬರೋರ ಪಟ್ಟೀಲಿ ಇವರಿಬ್ಬರನ್ನ ಹಾಕ್ಕೊಳ್ಳಮ್ಮ. ಐದೈದು ನಿಮಿಷ ಸಾಕು.”

ಕುರ್ಚಿ ಲಿಫ್ಟಿನ ಕಡೆ ಉರುಳಿತು. ನಿಕಟದವರೂ ಆಪ್ತರೂ ಹತ್ತು ಹೆಜ್ಜೆ ದೂರ ಬಿಟ್ಟುಕೊಂಡು ಹಿಂದೆ ನಡೆದರು.