ಹನ್ನೆರಡನೇ ಪಾಠ

ಬಾವಿಯ ಹತ್ತಿರ ಬಂದಾಗ ಅವನಿಗೆ ಕೆಮ್ಮು ಕೇಳಿಸಿತು.

ಎರಡು ಸಣ್ಣ ಕೆಮ್ಮು. ಕುಹ್... ಕುಹ್. ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು.

ರಾತ್ರಿ ಹನ್ನೊಂದೂವರೆ. ನನ್ನ ಚಿಕ್ಕಪ್ಪನ ಮಗ ಒಂದು ಸಭೆಗೆ ಮೈಕು ಹಾಕಿ, ಮುಗಿಸಿ, ವೈರಿನ ಸುರುಳಿ ಹೆಗಲಿಗೇರಿಸಿ ನಡೆದು ಬರುತ್ತಿದ್ದ. ನಾನು ಅವನನ್ನು ತಮ್ಮ ಅಂತಲೇ ಕರೆಯುವುದು. ಬೀದಿ ತಿರುಗುವಲ್ಲಿ ಹಳೆಯ ಬಾವಿ ಇದೆ. ನೀರು ಬತ್ತಿದ ಮೇಲೆ ತಗಡು ಮುಚ್ಚಿದ್ದಾರೆ. ಗಾಳಿ ಬಂದರೆ ತಗಡಿನ ಅಂಚು ಕಲ್ಲಿಗೆ ತಾಗುತ್ತದೆ. ಟಿಕ್... ಟಿಕ್. ಅದು ಅವನಿಗೆ ಗೊತ್ತಿದ್ದ ಸದ್ದು.

ಕೆಮ್ಮೂ ಗೊತ್ತಿತ್ತು. ಅದೇ ಕಷ್ಟ.

ಅವನ ಅಕ್ಕ ಸಂಜೆ ನಡೆದು ಬರುವಾಗ ಆ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಹಾಗೇ ಕೆಮ್ಮುತ್ತಿದ್ದಳು. ಅವಳು ಸತ್ತು ಆಗ ನಾಲ್ಕು ತಿಂಗಳಾಗಿತ್ತು.

ತಮ್ಮ ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. "ಬಾ ಅಕ್ಕ, ಮನೆಗೆ ಹೋಗೋಣ" ಅಂದನಂತೆ, ಮೆಲ್ಲಗೆ. ಯಾಕೆ ಹಾಗಂದೆ ಅಂತ ಆಮೇಲೆ ಕೇಳಿದೆ. ಬಾಯಿಗೆ ಬಂತು ಅಂದ.

ಹಿಂದಿನದು ಸ್ವಲ್ಪ ಹೇಳಬೇಕು.

ಅಕ್ಕ ಟೀಚರಾಗಿದ್ದವಳು. ನನಗೆ ತಂಗಿಯಾಗಬೇಕು. ಕೆಲಸ ಬಿಟ್ಟ ಮೇಲೆ ಕಣ್ಣು ಕಾಣದ ಮಕ್ಕಳ ಶಾಲೆಗೆ ಪಾಠ ಓದಿ ಕೊಡುತ್ತೇನೆಂದು ಒಪ್ಪಿಕೊಂಡಳು. ಹನ್ನೆರಡು ಪಾಠ. ರೆಕಾರ್ಡಿಂಗು ತಮ್ಮನದು. ಒಳಗಿನ ಕೋಣೆಯಲ್ಲಿ ಅಕ್ಕ ಮತ್ತು ಮೈಕು. ಹೊರಗಿನ ಕೋಣೆಯಲ್ಲಿ ಮೈಕಿನ ದನಿ ಏರಿಸಿ ಇಳಿಸುವ ಮಿಕ್ಸರು, ಇವನು. ನಡುವೆ ಮುಚ್ಚಿದ ಬಾಗಿಲು. ಮಾತಾಡಿದರೆ ರೆಕಾರ್ಡಾಗುತ್ತದೆ ಅಂತ ಒಳಗೆ ಬಾಗಿಲ ಮೇಲೆ ಒಂದು ಕೆಂಪು ಬಲ್ಬು ಹಾಕಿದ್ದ. ಸ್ವಿಚ್ಚು ಇವನ ಮೇಜಿನ ಮೇಲೆ. ಒಂದು ಸಲ ಹೊತ್ತಿದರೆ, ಇನ್ನೂ ಜೋರಾಗಿ ಓದು. ಎರಡು ಸಲ ಹೊತ್ತಿದರೆ, ಇಷ್ಟು ಸಾಕು, ಮುಂದೆ ಹೋಗು.

ಮೈಕು ಹಳೆಯದು. ಒಳಗೆ ತೆಳ್ಳನೆಯ ಲೋಹದ ಪಟ್ಟಿ ಇರುವ ಜಾತಿ. ಅಕ್ಕನ ದನಿ ಅದರಲ್ಲಿ ಅಕ್ಕನ ದನಿಯ ಹಾಗೇ ಕೇಳುತ್ತಿತ್ತು. ಬೇರೆ ಮೈಕಿನಲ್ಲಿ ತಗಡು ತಟ್ಟಿದ ಹಾಗೆ. ಆದರೆ ಇದರಿಂದ ಬರುವ ಸದ್ದು ತೀರಾ ಸಣ್ಣದು. ಮಿಕ್ಸರಿನಲ್ಲಿ ಏರಿಸಿದರೆ ಸುಯ್ ಅನ್ನುವುದೇ ಹೆಚ್ಚು.

"ನಿನ್ನ ಮೈಕಿಗೆ ಕಿವಿ ಮಂದ ಕಣೋ, ನಮ್ಮಣ್ಣನ ಹಾಗೆ" ಅನ್ನುತ್ತಿದ್ದಳು. ಅಣ್ಣ ಅಂದರೆ ನಾನು.

ಇದಕ್ಕೆಂದೇ ತಮ್ಮ ಒಂದು ಪ್ರೀಆಂಪ್ ತಂದಿದ್ದ. ಬೆರಳುದ್ದದ ಕೊಳವೆ. ಮೈಕಿನ ವೈರಿಗೂ ಮಿಕ್ಸರಿಗೂ ನಡುವೆ ಸಿಕ್ಕಿಸಬೇಕು. ಸಣ್ಣ ದನಿಯನ್ನು ಅಲ್ಲೇ ದೊಡ್ಡದು ಮಾಡಿ ಕೊಡುತ್ತದೆ. ಸಿಕ್ಕಿಸಿದ. ಏನೂ ಕೇಳಿಸಲಿಲ್ಲ. ಮಿಕ್ಸರಿನಲ್ಲಿ ಮೈಕಿನ ವೈರಿಗೆ ನಲವತ್ತೆಂಟು ವೋಲ್ಟು ಕರೆಂಟು ಬಿಡುವ ಒಂದು ಬಟನ್ ಇರುತ್ತದೆ. ಅದನ್ನು ಒತ್ತಲೇ ಅಂತ ಒಬ್ಬರನ್ನು ಕೇಳಿದ. ನಲವತ್ತು ವರ್ಷ ರೇಡಿಯೋ, ಮೈಕು ರಿಪೇರಿ ಮಾಡಿದವರು. ಮುಟ್ಟಿದರೆ ಆ ಪಟ್ಟಿ ಸುಟ್ಟುಹೋಗುತ್ತೆ, ಕೈ ಇಡಬೇಡ, ಅಂದರು.

ಕೊಳವೆ ಡ್ರಾಯರಿಗೆ ಹೋಯಿತು. ಕೆಟ್ಟ ಮಾಲು ಅಂದುಕೊಂಡ.

ಕೈ ಇಡಬೇಡ ಅಂದದ್ದು ನಾನು.

ಅಕ್ಕನ ಗಂಟಲು ನೋಡಿದ ಡಾಕ್ಟರು ದನಿ ಏರಿಸಬೇಡಿ ಅಂತ ಬರೆದುಕೊಟ್ಟಿದ್ದರು. ಆ ಚೀಟಿ ಓದಿ ಹೇಳಿದವನು ತಮ್ಮನೇ. ಆದರೂ ಸ್ವಿಚ್ಚು ಒತ್ತಿದ. ಒಂದು ಸಲ. ಇನ್ನೊಂದು ಪುಟಕ್ಕೆ ಮತ್ತೆ ಒಂದು ಸಲ. ಮಕ್ಕಳಿಗೆ ಕೇಳಬೇಕಲ್ಲ ಅಂತ. ಅವಳೂ ಅದನ್ನೇ ಹೇಳಿಕೊಂಡು ಓದಿದಳು. ಎರಡು ಸಲ ಒತ್ತಿದ ನೆನಪೇ ಅವನಿಗಿಲ್ಲ.

ಹನ್ನೊಂದನೇ ಪಾಠ ಮುಗಿದ ದಿನ ದನಿ ಹೋಯಿತು. ಕೊನೆಯ ಮೂರು ವಾರ ಕಾಗದದ ಮೇಲೆ ಬರೆದು ಮಾತಾಡಿದಳು. ಕೊನೆಗೆ ಬರೆದದ್ದು: ಹನ್ನೆರಡು ಬಾಕಿ.

ಕಾಯಿಲೆ ಕೊಂದದ್ದು, ನೀನಲ್ಲ ಅಂತ ಎಲ್ಲರೂ ಹೇಳಿದರು. ತಮ್ಮ ಹೂಂ ಅಂದ. ಒಳಗಿನ ಕೋಣೆಗೆ ಬೀಗ ಹಾಕಿದ. ಮೈಕು, ವೈರು, ಪುಸ್ತಕ ಎಲ್ಲ ಇದ್ದ ಹಾಗೇ ಬಿಟ್ಟ. ಬೇರೆಯವರಿಂದ ಓದಿಸೋಣವೇ ಅಂತ ಶಾಲೆಯವರು ಕೇಳಿದರೆ ಬೇಡ ಅಂದ.

ಈಗ ಆ ರಾತ್ರಿ.

ಸಭೆಯಲ್ಲಿ ಬೇರೊಬ್ಬ ಮೈಕಿನವನು ಅಂಥದೇ ಕೊಳವೆ ಇಟ್ಟುಕೊಂಡಿದ್ದನಂತೆ. ನನ್ನದು ಕೆಟ್ಟಿದೆ ಅಂತ ತಮ್ಮ ಹೇಳಿದ. ಬಟನ್ ಒತ್ತಿದ್ದೀಯಾ ಅಂತ ಅವನು ಕೇಳಿದ. ಮೈಕು ಸುಡುತ್ತಲ್ಲ ಅಂದ ಇವನು. ಅವನು ನಕ್ಕ.

"ಆ ವೋಲ್ಟನ್ನ ಕೊಳವೆ ತಾನೇ ತಿನ್ನುತ್ತೆ ಮಾರಾಯ, ಮೈಕಿಗೆ ಬಿಡಲ್ಲ. ಮೇವು ಹಾಕದೆ ಎತ್ತು ಎಳೀತಿಲ್ಲ ಅಂದ್ರೆ ಹೇಗೆ?"

ಅದನ್ನು ಕೇಳಿಕೊಂಡು ಬಂದವನಿಗೆ ಬಾವಿಯ ಹತ್ತಿರ ಕೆಮ್ಮು ಕೇಳಿಸಿದ್ದು.

ಮನೆಗೆ ಬಂದ. ದೀಪ ಹಾಕಲಿಲ್ಲ. ಡ್ರಾಯರಿನಿಂದ ಕೊಳವೆ ತೆಗೆದ. ಬಾಗಿಲ ಕೆಳಗಿಂದ ಬಂದಿದ್ದ ವೈರಿನ ತುದಿಗೆ ಸಿಕ್ಕಿಸಿದ, ಕಟ್. ಮಿಕ್ಸರಿಗೆ ಹಾಕಿದ. ರೆಕಾರ್ಡಿಂಗು ಶುರುಮಾಡಿದ. ಹೆಡ್‌ಫೋನು ಹಾಕಿಕೊಂಡು ಬಟನ್ ಒತ್ತಿದ.

ಸುಯ್ ಇಲ್ಲ. ಖಾಲಿ ಕೋಣೆ ಪೂರ್ತಿ ಕೇಳಿಸಿತು. ಕಿಟಕಿಯ ಗಾಜಿಗೆ ಒಂದು ಹುಳು ಹಾಯುತ್ತಿತ್ತು. ಟಪ್... ಟಪ್. ಇಷ್ಟೇ ಸಾಕಿತ್ತು. ಒಂದು ಬಟನ್. ಅವನು ಅಲ್ಲೇ ಮೇಜಿಗೆ ಹಣೆಯಿಟ್ಟು ಅತ್ತನಂತೆ.

ಆಗ ಕುರ್ಚಿ ಕಿರ್ ಅಂತು.

ಪುಟ ತಿರುಗಿತು. ಒಂದು. ಇನ್ನೊಂದು. ಆಮೇಲೆ ಉಸಿರು... ಮೈಕಿಗೆ ತೀರಾ ಹತ್ತಿರ.

"ಇಷ್ಟು ಸಾಕೇನೋ?"

ತಮ್ಮ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡ.

"ಇನ್ನೂ ಜೋರಾಗಿ ಓದಬೇಕೇನೋ?"

ಈ ಸಲ ಜೋರಾಗಿತ್ತು. ಬಟ್ಟೆ ಹರಿದ ಹಾಗೆ, ಪರ್ರ್ ಅಂತ ಗಂಟಲು ಒಡೆಯುತ್ತಿತ್ತು. ಮೂರನೇ ಸಲ ಇನ್ನೂ ಜೋರು. "ಸಾಕಾ... ಈಗ ಸಾಕಾ..."

ಸಾಕು ಅಂದನಂತೆ. ಬೇಡ ಅಕ್ಕ ಅಂದನಂತೆ. ಬಾಗಿಲು ಮುಚ್ಚಿತ್ತು. ಇವನ ಮಾತು ಒಳಗೆ ಯಾವತ್ತು ತಲುಪಿತ್ತು? ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು.

ಟಕ್. ಟಕ್.

ಎರಡು ಸಲ.

ಒಳಗೆ ಎಲ್ಲ ನಿಂತಿತು. ಹುಳುವೂ.

"ಹೌದಾ?" ಅಂದಳು. ಆಮೇಲೆ ಮೆಲ್ಲಗೆ, "ಸರಿ. ಹನ್ನೆರಡನೇ ಪಾಠ."

ಬೆಳಗಿನ ಜಾವ ನನ್ನ ಬಾಗಿಲು ಬಡಿದ. ಹೆಡ್‌ಫೋನು ನನ್ನ ಕಿವಿಗೆ ಹಾಕಿದ. "ಅಣ್ಣ, ನಿನಗೆ ಕೇಳಿಸುತ್ತಾ?" ಅಂತ ಮಾತ್ರ ಕೇಳಿದ. ನನಗೆ ಕಿವಿ ಮಂದ. ಆದರೂ ಒಂದೊಂದು ಅಕ್ಷರವೂ ಕೇಳಿಸಿತು. ಬಟನ್ ಮುಟ್ಟಬೇಡ ಅಂದದ್ದು ನಾನು ಅನ್ನುವ ಮಾತು ಅವನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಪಾಠ ಇಪ್ಪತ್ತಾರು ನಿಮಿಷ ಇದೆ. ಶಾಲೆಯಲ್ಲಿ ಮಕ್ಕಳು ಈಗಲೂ ಕೇಳುತ್ತಾರೆ. ಒಂದೂ ಕೆಮ್ಮಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದು ನಡೆದಿದೆ.

ಅವತ್ತೇ ನಾವಿಬ್ಬರೂ ಹೋಗಿ ಬೀಗ ತೆಗೆದೆವು. ಮೈಕು ಇತ್ತು. ಕುರ್ಚಿ, ಮುಚ್ಚಿದ ಪುಸ್ತಕ. ತಮ್ಮ ಬಾಗಿಲ ಮೇಲೆ ನೋಡಿ ನಿಂತುಬಿಟ್ಟ. ಹೋಲ್ಡರು ಖಾಲಿ.

ಖಾಲಿಯೇ ಇರಬೇಕು. ಅವಳನ್ನು ಎತ್ತಿಕೊಂಡು ಹೋದ ದಿನವೇ, ಯಾರೂ ಇಲ್ಲದಾಗ, ಆ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ. ನೋಡಲು ಆಗುತ್ತಿರಲಿಲ್ಲ.

ಆ ರಾತ್ರಿ ಅದು ನನ್ನ ರಿಪೇರಿ ಪೆಟ್ಟಿಗೆಯಲ್ಲಿತ್ತು. ಈಗಲೂ ಅಲ್ಲೇ ಇದೆ.