ಹನ್ನೆರಡನೇ ಕಮಿಟ್

…ಅಯ್ಯೋ, ಇದೇನು ಕಳ್ಳತನಾನಾ? ಬಾಗಿಲ ಕಡೆ ಯಾಕೆ ನೋಡ್ತೀಯ? ಎಲ್ಲರೂ ಊಟಕ್ಕೆ ಹೋಗಿದಾರೆ. ಕೂತ್ಕೋ ಮಾರಾಯ. ಪಂಪಿನ ಸಾಫ್ಟ್‌ವೇರಿನ ಹಳೇ ಕಮಿಟ್‌ಗಳನ್ನ, ಆ ಬದಲಾವಣೆ ದಾಖಲೆಗಳನ್ನ, ಸ್ವಲ್ಪ ಜೋಡಿಸ್ತಿದೀನಿ, ಅಷ್ಟೇ. ಯಾವ ದಿನ ಏನು ಬದಲಾಯಿಸಿದ್ವಿ ಅಂತ ನಾಳೆ ತನಿಖೆಯವರು ಬಂದು ಒಂದೊಂದೇ ತೆಗೆದು ನೋಡ್ತಾರೆ. ನೆಂಟರು ಬರೋ ಮುಂಚೆ ಮನೆ ಗುಡಿಸಲ್ವಾ? ಹಾಗೇ.

ನೋಡು, ಐವತ್ತಮೂರು. ಒಂದೊಂದು ಕಮಿಟ್ಟನ್ನೂ ಕಂಪ್ಯೂಟರೇ ಹೊಸದಾಗಿ ಬರೆದು, ಅಲ್ಲಲ್ಲೇ ಟೆಸ್ಟ್ ಓಡಿಸುತ್ತೆ. ಹಸಿರು ಬಂದ್ರೆ ಮುಂದಕ್ಕೆ, ಕೆಂಪು ಬಂದ್ರೆ ಅಲ್ಲೇ ನಿಂತುಬಿಡುತ್ತೆ. ನೀನು ಬರೆದ ಟೆಸ್ಟ್ ಕಣೋ! ಅದೇ ಹಸಿರು ಅಂದ್ಮೇಲೆ ಯಾರು ಬಾಯಿ ಬಿಡ್ತಾರೆ?… ಯಾಕೆ ನಗ್ತೀಯ?

ಎಂಟು, ಹಸಿರು. ಒಂಬತ್ತು, ಹಸಿರು.

ಆ ಟೀಚರಮ್ಮನ್ನ ನೆನೆಸ್ಕೊಂಡ್ರೆ ನಂಗೂ ಕರುಳು ಚುರುಕ್ ಅನ್ನತ್ತೆ. ಆಸ್ಪತ್ರೆ ಹಾಸಿಗೇಲಿ ನಮ್ಮ ಪಂಪಿನ ನಳಿಕೆ ಕಟ್ಟಿಕೊಂಡು ಔಷಧಿ ನಿಂತೋಯ್ತು, ಅಲಾರಂ ಹೊಡೀಲಿಲ್ಲ, ಪಾಪ. ಆದ್ರೆ ಅಲಾರಂ ರಿಪೇರಿನ ನಾವು ಮೊದಲೇ ಮಾಡಿದ್ವಲ್ಲ! ಇಲ್ಲೇ ಇದೆ, ಹನ್ನೆರಡನೇ ಕಮಿಟ್, ಒಂಬತ್ತನೇ ತಾರೀಖು. ಆಕೆ ಹೋದದ್ದು ಹದಿನೇಳಕ್ಕೆ. ಆಸ್ಪತ್ರೆಯವರು ಹೊಸ ಸಾಫ್ಟ್‌ವೇರ್ ಹಾಕಿಸ್ಕೊಳ್ಳದಿದ್ರೆ ನಾವೇನು ಮಾಡೋಕಾಗತ್ತೆ?

ಹಾಗೆ ನೋಡ್ಬೇಡ. ಸತ್ತೋರ ಜೊತೆ ಇದ್ದೋರೂ ಸಾಯ್ಬೇಕಾ? ಪಂಪು ಸರಿಯಿದೆ ಅಂತ ಹಾಕಿದ ಸಹಿ ನಂದು ಕಣೋ. ಒಳಗೆ ಹಾಕೋದು ನನ್ನನ್ನ.

ಹನ್ನೊಂದು, ಹಸಿರು. ಹನ್ನೆರಡು…

ಥೂ! ಕೆಂಪು. ನಿಂತೇ ಹೋಯ್ತಲ್ಲ! ಏನಂತೆ… ಅಲಾರಂಗೆ ಬೇಕಾದ, ನಳಿಕೆಯ ಒತ್ತಡ ಅಳೆಯೋ ಕೋಡ್ ಸಿಗ್ತಿಲ್ಲ ಅಂತೆ. ಸಿಗ್ತಿಲ್ಲ ಅಂದ್ರೇನು?… ಹೌದು, ಅದನ್ನ ಬರೆದದ್ದು ಆಕೆ ಹೋದ್ಮೇಲೆ, ಇಪ್ಪತ್ತನೇ ತಾರೀಖು. ಅದಿಲ್ಲದೆ ಒಂಬತ್ತಕ್ಕೇ ರಿಪೇರಿ ಹೇಗೆ… ಇರು, ಇರು, ಅದರ ತಾರೀಖನ್ನೂ ಹಿಂದಕ್ಕೆ ತಳ್ಳಿಬಿಡ್ತೀನಿ. ಎರಡೇ ನಿಮಿಷ.

ಬೈದುಬಿಡು ಬೇಕಾದ್ರೆ! ನಾಲ್ಕನೇ ತಾರೀಖೇ ನೀನು ಬಂದು ಅಲಾರಂ ಹೊಡೀತಿಲ್ಲ ಅಂದೆ. ಮುಂದಿನ ತಿಂಗಳು ನೋಡೋಣ ಅಂದೆ ನಾನು. ಅಂದೆ ಕಣೋ, ಆಯ್ತಾ? ಹೀಗಾಗತ್ತೆ ಅಂತ ಯಾರಿಗೆ ಗೊತ್ತಿತ್ತು…

ನಿನ್ನ ಲ್ಯಾಪ್‌ಟಾಪಲ್ಲಿದ್ದ, ನಿಜವಾದ ತಾರೀಖುಗಳಿರೋ ಹಳೇ ಪ್ರತಿ ಅಳಿಸಿದೆ ತಾನೆ? ನಿನ್ನೆನೇ ಹೇಳಿದ್ನಲ್ಲ. ಅಳಿಸಿದೆ ಅನ್ನು. ಹದಿನೈದು ವರ್ಷದಿಂದ ಬಾಯ್ತುಂಬ ಅಕ್ಕ ಅಂತೀಯ… ಹೂಂ ಅನ್ನೋ, ಸಾಕು.

ಲ್ಯಾಪ್‌ಟಾಪ್ ಎಲ್ಲಿ? ಬರಿಗೈಲಿ ಬಂದಿದೀಯಲ್ಲ… ಬ್ಯಾಗೂ ಇಲ್ಲ. ಎಲ್ಲಿಟ್ಟು ಬಂದೆ?

…ಯಾರಿಗೆ ಕೊಟ್ಟು ಬಂದೆ?