ಧಾರೆಗೆ ಎರಡು ಕೈ

ನಂಜನಗೂಡಿನ ಕೃತಕ ಕಾಲಿನ ಶಿಬಿರದಲ್ಲಿ ನನ್ನ ಪಕ್ಕ ಒಬ್ಬ ಗಂಡ, ಹೆಂಡತಿ ಕೂತಿದ್ದರು. ಗಂಡನನ್ನು ಆಕೆಯೇ ಬಲವಂತವಾಗಿ ಕರೆತಂದಂತಿತ್ತು.

“ಕಾಲು ಸಡಿಲ ಆಗ್ಬುಟ್ಟದೆ ಅಂತ ಯೋಳಿ.”

“ಯೋಳಿದ್ರೆ ಹೊಸ ಅಳತೆಗೆ ಅಂತ ಇದನ್ನ ಇಸ್ಕೊತಾರೆ, ಹೊಸದು ಬರಕ್ಕೆ ತಿಂಗ್ಳಾಯ್ತದೆ. ಬರೋ ವಾರ ಊರುಗೋಲು ಇಡ್ಕಂಡು ಮಗಳ ಧಾರೆ ಎಂಗೆ ಎರೀಲಿ? ಎಲ್ಡು ಕೈಯೂ ಬೇಕಲ್ಲ.”

“ಸಡಿಲಕ್ಕೆ ಅಂತ ಒಳಗೆ ಅಳೇ ಪಂಚೆ ತುರುಕ್ತಿದ್ರಲ್ಲ, ಅದ್ರ ತುಂಬ ರಕ್ತ. ನಾತ ಬೇರೆ. ಚೀಲ್ದಲ್ಲಿ ತಂದಿವ್ನಿ, ತೋರುಸ್ತೀನಿ.”

“ನೋವೇ ಇಲ್ಲ ಕಣಮ್ಮಿ.”

“ಸಕ್ಕರೆ ಕಾಯ್ಲೆ ಬಂದ್ಮೇಲೆ ನಿಮ್ಗೆ ನೋವು ಗೊತ್ತಾಗಿದ್ದು ಯಾವತ್ತು? ಕಾಲ್ಬೆರಳ ಗಾಯಕ್ಕೂ ಗದ್ದೆ ನಾಟಿ ಮುಗೀಲಿ ಅಂದ್ರಿ. ಕಾಲೇ ಓಯ್ತು.”

“ತೋರ್ಸು ಓಗು. ಧಾರೆ ನಿಮ್ಮಣ್ಣ ಎರೀಲಿ.”

ಆಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಒಳಗಿನಿಂದ ಶಿಬಿರದ ಹುಡುಗಿಯೊಬ್ಬಳು ಬಂದಳು. “ನಾಗಯ್ಯನವರೇ, ಕಾಲು ಸರಿಯಾಗಿ ಕೂತಿದ್ಯಾ? ತೊಂದ್ರೆ ಇರೋರು ಮಾತ್ರ ಒಳಗೆ ಬನ್ನಿ.”

“ಚೆನ್ನಾಗಿ ಕೂತದೆ ಕಣವ್ವ.”

“ನೀವೇನಂತೀರಮ್ಮ?”

ಆಕೆ ಚೀಲದ ಬಾಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

“ಚೆನ್ನಾಗೇ ಅದೆ.”

ಹುಡುಗಿ ಮುಂದಿನ ಹೆಸರು ಕೂಗಿದಳು. ಇಬ್ಬರೂ ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಗಂಡ ಒಂಚೂರೂ ಕುಂಟುತ್ತಿರಲಿಲ್ಲ.